ಚಿನ್ನಕ್ಕೆ ಊರಿಲ್ಲ, ದ್ರಾಕ್ಷಿಗೆ ಊರುಂಟು



ಈ ಸಲದ ಪತ್ರಗಳಲ್ಲಿ ಚಿಂತಾಮಣಿ ಕಡೆಯ ಓದುಗರೊಬ್ಬರ ಪತ್ರ ಸ್ವಲ್ಪ ವಿಶೇಷವಾಗಿದೆ. ಅವರ ಅಳಿಯಂದಿರು ಕಂಪೆನಿ ಕೆಲಸದ ಮೇಲೆ ಫ್ರಾನ್ಸ್ ದೇಶಕ್ಕೆ ಹೋಗಿದ್ದವರು, ಬರುವಾಗ ಮಾವನವರಿಗೆಂದು ಒಂದು ಬಾಟಲಿ ದ್ರಾಕ್ಷಾರಸ ತಂದರಂತೆ. "ಇದು ಬೋರ್ಡೋ ವೈನ್ ಅತ್ತೆ, ಪ್ರಪಂಚದಲ್ಲೆಲ್ಲ ಹೆಸರಾದದ್ದು. ಹಾರ್ಟಿಗೆ ಒಳ್ಳೇದು, ನೀವೂ ಒಂದು ಗುಟುಕು ತಗೋಬಹುದು" ಅಂದರಂತೆ. ಆ ತಾಯಿ ಕೇಳುತ್ತಾರೆ: "ನಮ್ಮ ಮನೆ ಹಿಂದೇನೇ ದ್ರಾಕ್ಷಿ ತೋಟ ಇದೆ. ನಮ್ಮ ಹಣ್ಣನ್ನು ಮಂಡಿಯಲ್ಲಿ ಕೇಳಿದ ಬೆಲೆಗೆ ಕೊಟ್ಟು ಬರಬೇಕು. ಅವರ ಹಣ್ಣಿಗೆ ಯಾಕಮ್ಮ ಅಷ್ಟು ಹೆಸರು? ಬಾಟಲಿ ಮೇಲೆ ಬರೆದಿರೋದು ಒಂದಕ್ಷರವೂ ತಿಳಿಯಲಿಲ್ಲ. ಅಳಿಯನ ಮುಂದೆ ಕೇಳೋದಕ್ಕೆ ಸಂಕೋಚ."

ಸಂಕೋಚ ಯಾಕೆ? ಕುಡಿಯುವುದು ಬೇರೆ, ತಿಳಿದುಕೊಳ್ಳುವುದು ಬೇರೆ. ಮನೆಯೊಳಗೆ ಬಂದ ವಸ್ತು ಏನು, ಎತ್ತ, ಅದರ ಮೇಲೆ ಏನು ಬರೆದಿದೆ ಎಂದು ಮನೆಯ ಯಜಮಾನಿಗೆ ಗೊತ್ತಿರಬೇಕಾದದ್ದೇ. ಬನ್ನಿ, ಈ ಪಕ್ಷ ಅದನ್ನೇ ನೋಡೋಣ. ಕೊನೆಯಲ್ಲಿ ನಮ್ಮ ನೀಲಿ ದ್ರಾಕ್ಷಿಯ ಪಾನಕವನ್ನೂ ಮಾಡೋಣ.

ಹೆಸರು ನಮಗೆ ಹೊಸದೇನಲ್ಲ

ಬೋರ್ಡೋ ಎಂದರೆ ಫ್ರಾನ್ಸಿನ ನೈರುತ್ಯ ಭಾಗದಲ್ಲಿ, ಸಮುದ್ರಕ್ಕೆ ಹತ್ತಿರದಲ್ಲಿರುವ ಒಂದು ಪಟ್ಟಣ. ಆ ಪಟ್ಟಣದ ಸುತ್ತಣ ಸೀಮೆಗೂ ಅದೇ ಹೆಸರು. ಇದು ನಾವು ಕೇಳದ ಹೆಸರೇನಲ್ಲ. ಮಲೆನಾಡಿನ ಕಡೆ ನಿಮ್ಮ ನೆಂಟರಿದ್ದರೆ ವಿಚಾರಿಸಿ. ಮಳೆಗಾಲ ಬಂತೆಂದರೆ "ಅಡಿಕೆಗೆ ಬೋರ್ಡೋ ಹೊಡೆಸಿದ್ರಾ?" ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿ ಮಾಡುವ ಆ ತಿಳಿನೀಲಿ ಔಷಧಿಯೇ ಬೋರ್ಡೋ ದ್ರಾವಣ. ಕೊಳೆರೋಗಕ್ಕೆ ಅದೇ ಮದ್ದು.

ಅದು ಹುಟ್ಟಿದ್ದು ಈ ದ್ರಾಕ್ಷಿ ಸೀಮೆಯಲ್ಲಿ. 1882ರಲ್ಲಿ ಅಲ್ಲಿನ ತೋಟಗಳಿಗೆ ಬೂಜು ರೋಗ ಬಿದ್ದು ಎಲೆಗಳೆಲ್ಲ ಉದುರುತ್ತಿದ್ದವು. ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಅಧ್ಯಾಪಕರಾದ ಮಿಲ್ಲಾರ್ದೆ ಎಂಬುವರು ದಾರಿಯಲ್ಲಿ ಹೋಗುವಾಗ ಒಂದು ವಿಚಿತ್ರ ಕಂಡರು. ರಸ್ತೆ ಬದಿಯ ಸಾಲುಗಳ ಎಲೆ ಮಾತ್ರ ಚೆನ್ನಾಗಿ ಉಳಿದಿವೆ! ವಿಚಾರಿಸಿದರೆ, ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲಿ ಎಂದು ತೋಟದವರು ಆ ಸಾಲುಗಳಿಗೆ ಮಾತ್ರ ಮೈಲುತುತ್ತ ಮತ್ತು ಸುಣ್ಣ ಬಳಿದಿದ್ದರು. ಕಳ್ಳರನ್ನು ಹೆದರಿಸಲು ಹಚ್ಚಿದ್ದು ರೋಗವನ್ನೂ ತಡೆದಿತ್ತು. ಮಿಲ್ಲಾರ್ದೆ ಅದನ್ನು ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದರು. ನಮ್ಮ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಅದನ್ನೇ ಅಡಿಕೆಯ ಕೊಳೆರೋಗಕ್ಕೆ ಬಳಸಿ ತೋರಿಸಿದರು. ಹೀಗೆ ಬೋರ್ಡೋದ ಬಾಟಲಿ ಬರುವುದಕ್ಕೆ ಎಷ್ಟೋ ಮೊದಲೇ ಅದರ ಔಷಧಿ ನಮ್ಮಲ್ಲಿಗೆ ಬಂದಿತ್ತು.

ಎರಡು ಹೊಳೆ, ಬೇರೆ ಬೇರೆ ಮಣ್ಣು

ಈಗ ಆ ಸೀಮೆಯ ನಕ್ಷೆ ಮನಸ್ಸಿಗೆ ತಂದುಕೊಳ್ಳಿ. ಗರೋನ್, ದೋರ್ದೋನ್ ಎಂದು ಎರಡು ಹೊಳೆಗಳು. ಎರಡೂ ಒಂದಾಗಿ ಜಿರೋಂದ್ ಎಂಬ ಅಗಲವಾದ ಅಳಿವೆಯಾಗಿ ಸಮುದ್ರ ಸೇರುತ್ತವೆ. ಹೊಳೆಯ ಯಾವ ದಡದ ಹಣ್ಣು ಎನ್ನುವುದರ ಮೇಲೆ ದ್ರಾಕ್ಷಾರಸದ ಗುಣ ನಿಲ್ಲುತ್ತದೆ.

ಎಡದಂಡೆಯಲ್ಲಿ ಮೆದೋಕ್ ಎಂಬ ಭಾಗ. ಅಲ್ಲಿ ಹೊಳೆ ತಂದು ಹಾಕಿದ ಗರಸು ಕಲ್ಲಿನ ನೆಲ. ನೀರು ನಿಲ್ಲುವುದಿಲ್ಲ. ಹಗಲೆಲ್ಲ ಬಿಸಿಲಿಗೆ ಕಾದ ಕಲ್ಲು ರಾತ್ರಿಯೂ ಬೆಚ್ಚಗಿರುತ್ತದೆ. ತಡವಾಗಿ ಹಣ್ಣಾಗುವ, ದಪ್ಪ ಸಿಪ್ಪೆಯ ಕ್ಯಾಬರ್ನೆ ಸೋವಿನ್ಯೋಂ ಎಂಬ ಕಪ್ಪು ದ್ರಾಕ್ಷಿಗೆ ಆ ಬೆಚ್ಚನೆಯ ನೆಲ ಹೇಳಿ ಮಾಡಿಸಿದ ಹಾಗೆ. ಆ ರಸ ಹೊಸದರಲ್ಲಿ ಒಗರು. ವರ್ಷಗಳು ಕಳೆದ ಮೇಲೆ ಮೆತ್ತಗಾಗುತ್ತದೆ.

ಬಲದಂಡೆಯಲ್ಲಿ ಸೇಂತ್ ಎಮಿಲಿಯೋಂ, ಪೊಮೆರೋಲ್ ಎಂಬ ಊರುಗಳು. ಅಲ್ಲಿ ಜೇಡಿಮಣ್ಣು, ಸುಣ್ಣಕಲ್ಲು. ಮಣ್ಣು ತೇವ ಹಿಡಿದುಕೊಂಡು ತಣ್ಣಗಿರುತ್ತದೆ. ಬೇಗ ಹಣ್ಣಾಗುವ ಮೆರ್ಲೋ ದ್ರಾಕ್ಷಿಗೆ ಅದೇ ಇಷ್ಟ. ಆ ರಸ ಮೃದು. ಎರಡು ಹೊಳೆಗಳ ನಡುವಿನ ಸೀಮೆ ಬಿಳಿಯ ದ್ರಾಕ್ಷಾರಸಕ್ಕೆ ಹೆಸರಾಗಿದೆ.

ಇನ್ನು ದಕ್ಷಿಣಕ್ಕೆ ಸೋತೆರ್ನ್ ಎಂಬ ಊರಿದೆ. ಅಲ್ಲಿನ ಪವಾಡ ಕೇಳಿ. ಹಣ್ಣಾಗುವ ಕಾಲದಲ್ಲಿ ಸಿರೋಂ ಎಂಬ ತಣ್ಣನೆ ನೀರಿನ ಹೊಳೆ ಗರೋನ್ ಹೊಳೆಯನ್ನು ಸೇರುವ ಕಡೆ ಬೆಳಗಿನ ಹೊತ್ತು ಮಂಜು ಕವಿಯುತ್ತದೆ, ಮಧ್ಯಾಹ್ನ ಬಿಸಿಲು. ಆ ಹವಕ್ಕೆ ಹಣ್ಣಿನ ಮೇಲೆ ಒಂದು ಜಾತಿಯ ಬೂಜು ಬೆಳೆಯುತ್ತದೆ. ನಾವಾದರೆ ಬುಟ್ಟಿ ಸಮೇತ ಆಚೆಗೆ ಎಸೆಯುತ್ತೇವೆ. ಅಲ್ಲಿ ಆ ಬೂಜೇ ಹಣ್ಣಿನ ನೀರು ಹೀರಿ, ಸಿಹಿಯನ್ನು ಗಟ್ಟಿ ಮಾಡುತ್ತದೆ. ಬೂಜು ಬಂದ ಹಣ್ಣುಗಳನ್ನೇ ಒಂದೊಂದಾಗಿ ಆರಿಸಿ, ಜೇನಿನಂತಹ ಸಿಹಿ ರಸ ತೆಗೆಯುತ್ತಾರೆ.

ನೆಲದ ಗುಣ ಎಂದರೆ ನಮಗೆ ಬಿಡಿಸಿ ಹೇಳಬೇಕೇ? ಕೋಲಾರದ ಕೆಂಪು ಮಣ್ಣಿನಲ್ಲಿ ರಾಗಿ, ಬಿಜಾಪುರದ ಎರೆಮಣ್ಣಿನಲ್ಲಿ ಜೋಳ. ನಂಜನಗೂಡಿನ ರಸಬಾಳೆಯ ಕಂದು ತಂದು ಬೇರೆ ಕಡೆ ನೆಟ್ಟರೆ ಗಿಡ ಬರುತ್ತದೆ, ಆ ಪರಿಮಳ ಬರುವುದಿಲ್ಲ ಎಂದು ಹಿರಿಯರು ಹೇಳುತ್ತಿರಲಿಲ್ಲವೇ? ಆ ಮಾತನ್ನೇ ಬೋರ್ಡೋದವರು ಪುಸ್ತಕ ಮಾಡಿ, ಕಾನೂನು ಮಾಡಿ ಇಟ್ಟುಕೊಂಡಿದ್ದಾರೆ.

ಸಾಂಬಾರ್ ಪುಡಿಯ ಲೆಕ್ಕ

ರಸ ಮಾಡುವ ಕ್ರಮ ಬಹಳ ಸರಳ. ಇಡ್ಲಿ ಹಿಟ್ಟು ರಾತ್ರಿ ಹುದುಗಿ ಉಬ್ಬುತ್ತದಲ್ಲ, ಅದೇ ತರಹದ ಕೆಲಸ. ಹಣ್ಣಿನ ಸಕ್ಕರೆಯನ್ನು ಕಣ್ಣಿಗೆ ಕಾಣದ ಯೀಸ್ಟ್ ತಿಂದು, ಮದ್ಯಸಾರ ಮತ್ತು ಗಾಳಿಗುಳ್ಳೆಯಾಗಿ ಮಾರ್ಪಡಿಸುತ್ತದೆ. ನಮ್ಮ ಆಯುರ್ವೇದದ ದ್ರಾಕ್ಷಾರಿಷ್ಟ, ಬಾಣಂತಿಯರಿಗೆ ಕೊಡುವ ದಶಮೂಲಾರಿಷ್ಟ ಕೂಡ ಹುದುಗಿಸಿ ಮಾಡಿದವೇ. ಬಾಟಲಿಯ ಚೀಟಿ ಓದಿ ನೋಡಿ, ತಾನಾಗಿ ಉಂಟಾದ ಮದ್ಯಸಾರ ಇಷ್ಟು ಎಂದು ಬರೆದಿರುತ್ತಾರೆ.

ಕೆಂಪು ಬಣ್ಣ ಇರುವುದು ಹಣ್ಣಿನ ಸಿಪ್ಪೆಯಲ್ಲಿ. ಸಿಪ್ಪೆಯೊಡನೆ ಹುದುಗಿಸಿದರೆ ಕೆಂಪು ವೈನ್. ಬರೀ ರಸ ಹಿಂಡಿ ಹುದುಗಿಸಿದರೆ ಬಿಳಿ ವೈನ್. ಆಮೇಲೆ ಒಳ್ಳೆಯ ಕೆಂಪು ರಸವನ್ನು ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಬೋರ್ಡೋದ ಒಂದು ಪೀಪಾಯಿಗೆ 225 ಲೀಟರ್ ಹಿಡಿಯುತ್ತದೆ, ಎಂದರೆ 300 ಬಾಟಲಿ.

ಇಲ್ಲಿ ಶಾಕಾಹಾರಿ ಮನೆಯವರು ಗಮನಿಸಬೇಕಾದ ಮಾತೊಂದಿದೆ. ನಾವು ಸಕ್ಕರೆ ಪಾಕಕ್ಕೆ ಒಂದು ಚಮಚ ಹಾಲು ಬಿಟ್ಟು ಕೊಳೆ ತೆಗೆಯುತ್ತೇವಲ್ಲ, ಹಾಗೆ ಅವರು ಪೀಪಾಯಿಯ ರಸ ತಿಳಿಯಾಗಲು ಮೊಟ್ಟೆಯ ಬಿಳಿಯನ್ನು ಹಾಕುವ ಪದ್ಧತಿ ಹಳೆಯದು. ಒಂದು ಪೀಪಾಯಿಗೆ ಐದಾರು ಮೊಟ್ಟೆ. ಮಿಕ್ಕ ಹಳದಿಯನ್ನು ಏನು ಮಾಡುವುದು? ಅದರಿಂದಲೇ ಕಾನೆಲೆ ಎಂಬ ಪುಟ್ಟ ಸಿಹಿ ತಿಂಡಿ ಆ ಊರಿನಲ್ಲಿ ಹುಟ್ಟಿತು ಎನ್ನುತ್ತಾರೆ. ಯಾವ ದೇಶವಾದರೇನು, ಮಿಕ್ಕಿದ್ದನ್ನು ಹಾಳು ಮಾಡದ ಬುದ್ಧಿ ಅಡುಗೆಮನೆಯದೇ.

ಬೋರ್ಡೋದ ಕೆಂಪು ರಸ ಸಾಮಾನ್ಯವಾಗಿ ಒಂದೇ ದ್ರಾಕ್ಷಿಯದಲ್ಲ. ಎರಡು ಮೂರು ತಳಿಗಳ ರಸ ಬೆರೆಸುತ್ತಾರೆ. ನಮ್ಮ ಸಾಂಬಾರ್ ಪುಡಿಯನ್ನೇ ನೋಡಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಪರಿಮಳಕ್ಕೆ ಕೊತ್ತಂಬರಿ ಬೀಜ, ಹದಕ್ಕೆ ಮೆಂತ್ಯ. ಮನೆಗೊಂದು ಅಳತೆ. ಅಲ್ಲಿಯೂ ಹಾಗೇ. ಬಿಗಿಗೆ ಕ್ಯಾಬರ್ನೆ, ಮೆದುವಿಗೆ ಮೆರ್ಲೋ, ಸುವಾಸನೆಗೆ ಕ್ಯಾಬರ್ನೆ ಫ್ರಾಂ.

ಬೆರೆಸುವುದರ ಹಿಂದೆ ರೈತನ ಜಾಣತನವೂ ಇದೆ. ಸಮುದ್ರದ ಕಡೆಯ ಹವ ನಂಬುವ ಹಾಗಿಲ್ಲ. ಮೆರ್ಲೋ ಬೇಗ ಹಣ್ಣಾಗುತ್ತದೆ, ಕ್ಯಾಬರ್ನೆ ತಡ. ಒಂದಕ್ಕೆ ಮಳೆ ಹೊಡೆದರೆ ಇನ್ನೊಂದು ಕೈ ಹಿಡಿಯುತ್ತದೆ. ನಮ್ಮ ರಾಗಿ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುವುದು ಮತ್ತೇತಕ್ಕೆ?

ಬಾಟಲಿಯ ಚೀಟಿ ಓದುವ ಬಗೆ

ಈಗ ಚಿಂತಾಮಣಿಯ ತಾಯಿಯ ಬಾಟಲಿಗೆ ಬರೋಣ. ಚೀಟಿಯಲ್ಲಿ ನೋಡಬೇಕಾದ್ದು ಇಷ್ಟು.

ಶಾತೋ: ಅಕ್ಷರಶಃ ಕೋಟೆ ಅಥವಾ ಅರಮನೆ ಎಂದರ್ಥ. ಅಲ್ಲಿ ಅದಕ್ಕೆ ದ್ರಾಕ್ಷಿ ಎಸ್ಟೇಟು ಎಂದೇ ತಿಳಿಯಿರಿ. ಶಾತೋ ಎಂದು ಬರೆದ ಕಡೆಯಲ್ಲೆಲ್ಲ ಅರಮನೆ ಇರುವುದಿಲ್ಲ, ಸಾದಾ ತೋಟದ ಮನೆಯೂ ಇರುತ್ತದೆ.

ಇಸವಿ: ಹಣ್ಣು ಕೊಯ್ದ ವರ್ಷ. ಆ ವರ್ಷದ ಮಳೆ ಬಿಸಿಲಿನ ಮೇಲೆ ರುಚಿ. ಹಳೆಯದಾದಷ್ಟೂ ಒಳ್ಳೆಯದು ಎಂಬುದು ಎಲ್ಲಕ್ಕೂ ಸಲ್ಲದು. ಸಾಮಾನ್ಯ ಬಾಟಲಿಗಳು ಕೆಲವೇ ವರ್ಷಗಳಲ್ಲಿ ಮುಗಿಸತಕ್ಕವು.

ಆಪೆಲಾಸಿಯೋಂ: ಇದು ಮುಖ್ಯವಾದ ಮಾತು. ಹಣ್ಣು ಬೆಳೆದ ಜಾಗದ ಹೆಸರು. 1935ರಲ್ಲಿ ಫ್ರಾನ್ಸ್ ಇದಕ್ಕೆಂದೇ ಕಾನೂನು ತಂದಿತು. ಬೋರ್ಡೋ ಎಂದು ಬರೆಯಬೇಕಾದರೆ ಹಣ್ಣು ಆ ಸೀಮೆಯಲ್ಲೇ, ಇಂತಿಂಥ ತಳಿಯದೇ, ಇಷ್ಟು ನೆಲಕ್ಕೆ ಇಷ್ಟೇ ಇಳುವರಿಯದಾಗಿರಬೇಕು. ಬರೀ ಬೋರ್ಡೋ ಎಂದಿದ್ದರೆ ಸೀಮೆಯ ಯಾವ ಮೂಲೆಯದಾದರೂ ಆಗಬಹುದು. ಪೊಮೆರೋಲ್ ಎಂದೋ ಮಾರ್ಗೋ ಎಂದೋ ಒಂದೇ ಊರಿನ ಹೆಸರಿದ್ದರೆ ಅದು ಆ ಊರಿನದೇ.

ಮಿಜ್ ಆಂ ಬುತೇಯ್ ಓ ಶಾತೋ: ತೋಟದಲ್ಲೇ ಬಾಟಲಿಗೆ ತುಂಬಿದ್ದು.

ಗ್ರಾಂ ಕ್ರೂ ಕ್ಲಾಸೆ: ದರ್ಜೆಗೆ ಸೇರಿದ್ದು. 1855ರಲ್ಲಿ ಪ್ಯಾರಿಸ್ಸಿನ ದೊಡ್ಡ ವಸ್ತುಪ್ರದರ್ಶನಕ್ಕಾಗಿ, ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಕಾಲದಲ್ಲಿ, ಬೋರ್ಡೋದ ದಲ್ಲಾಳಿಗಳು ಮಾರುಕಟ್ಟೆ ಬೆಲೆ ನೋಡಿ ಕೆಂಪು ರಸದ ತೋಟಗಳನ್ನು ಐದು ದರ್ಜೆ ಮಾಡಿದರು. ಮೊದಲ ದರ್ಜೆಗೆ ಲಾಫೀತ್, ಲಾತೂರ್, ಮಾರ್ಗೋ, ಓ ಬ್ರಿಯೋಂ ಎಂಬ ನಾಲ್ಕೇ ತೋಟ. ಅದಾಗಿ 118 ವರ್ಷದ ಮೇಲೆ, 1973ರಲ್ಲಿ, ಮೂತೋಂ ಎಂಬ ತೋಟಕ್ಕೆ ಎರಡನೇ ದರ್ಜೆಯಿಂದ ಮೊದಲನೆಯದಕ್ಕೆ ಬಡ್ತಿ ಸಿಕ್ಕಿತು. ಬಲದಂಡೆಯ ಊರುಗಳು ಆ ಪಟ್ಟಿಯಲ್ಲೇ ಇಲ್ಲ. ಆದ್ದರಿಂದ ದರ್ಜೆ ಇಲ್ಲವೆಂದ ಮಾತ್ರಕ್ಕೆ ಕೀಳು ಎಂದುಕೊಳ್ಳಬೇಡಿ.

ಇನ್ನೊಂದು ಗಮನಿಸಿ. ಬೋರ್ಡೋದ ಎಷ್ಟೋ ಬಾಟಲಿಗಳ ಮುಂದಿನ ಚೀಟಿಯಲ್ಲಿ ದ್ರಾಕ್ಷಿಯ ಹೆಸರೇ ಇರುವುದಿಲ್ಲ. ಊರಿನ ಹೆಸರಿದ್ದರೆ ಸಾಕು, ದ್ರಾಕ್ಷಿ ಯಾವುದೆಂದು ತಿಳಿದವರಿಗೆ ತಿಳಿಯುತ್ತದೆ ಎಂಬ ಧೈರ್ಯ!

ಆ ಧೈರ್ಯ ಒಂದು ದಿನದ್ದಲ್ಲ. 1152ರಲ್ಲಿ ಆ ಸೀಮೆಯ ಒಡತಿ ಎಲಿನೋರ್ ರಾಣಿ ಹೆನ್ರಿ ಎಂಬುವನನ್ನು ಮದುವೆಯಾದಳು. ಎರಡೇ ವರ್ಷದಲ್ಲಿ ಅವನು ಇಂಗ್ಲೆಂಡಿನ ದೊರೆಯಾದ. 1453ರವರೆಗೆ, ಮುನ್ನೂರು ವರ್ಷ, ಬೋರ್ಡೋ ಇಂಗ್ಲಿಷರ ಕೈಯಲ್ಲಿತ್ತು. ಹಡಗುಗಟ್ಟಲೆ ಪೀಪಾಯಿ ಇಂಗ್ಲೆಂಡಿಗೆ ಹೋದವು. ಒಬ್ಬ ಹೆಣ್ಣುಮಗಳು ತವರಿನಿಂದ ತಂದ ಬಳುವಳಿಯಿಂದ ಒಂದು ಸೀಮೆಯ ವ್ಯಾಪಾರವೇ ಬೆಳೆಯಿತು.

ನಮ್ಮ ನೀಲಿ ದ್ರಾಕ್ಷಿ

"ನಮ್ಮ ಹಣ್ಣಿಗೆ ಯಾಕೆ ಹೆಸರಿಲ್ಲ?" ಎಂದು ಕೇಳಿದಿರಿ. ಇದೆಯಮ್ಮ, ಇದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ಬೀಜದ ನೀಲಿ ದ್ರಾಕ್ಷಿ, ಬೆಂಗಳೂರು ಬ್ಲೂ ಎನ್ನುತ್ತೇವಲ್ಲ, ಅದಕ್ಕೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ಕೊಡಗಿನ ಕಿತ್ತಲೆಗೆ ಸಿಕ್ಕಿದಂಥದೇ ಗುರುತು. ಬೇರೆ ಊರಿನವರು ಆ ಹೆಸರು ಹಾಕಿ ಮಾರುವ ಹಾಗಿಲ್ಲ.

ಈ ನೀಲಿ ದ್ರಾಕ್ಷಿಯ ಕುಲ ಕೇಳಿದರೆ ಆಶ್ಚರ್ಯವಾಗುತ್ತದೆ. ತಜ್ಞರು ಇದನ್ನು ಅಮೆರಿಕಾ ಮೂಲದ ಇಸಬೆಲ್ಲಾ ಎಂಬ ತಳಿ ಎನ್ನುತ್ತಾರೆ. ಫ್ರಾನ್ಸಿನ ತೋಟಗಳಿಗೆ 1860ರ ದಶಕದಿಂದ ಬೇರು ತಿನ್ನುವ ಒಂದು ಹೇನು ಬಿದ್ದು, ಬಳ್ಳಿಗಳು ಸಾಲು ಸಾಲಾಗಿ ಒಣಗಿದವು. ಹೇನು ಬಂದದ್ದು ಅಮೆರಿಕಾದ ಬಳ್ಳಿಗಳ ಜೊತೆಯಲ್ಲಿ. ಉಪಾಯವೂ ಅಲ್ಲಿಂದಲೇ. ಹೇನಿಗೆ ಜಗ್ಗದ ಅಮೆರಿಕಾದ ಬೇರಿಗೆ ಫ್ರಾನ್ಸಿನ ಬಳ್ಳಿಯನ್ನು ಕಸಿ ಕಟ್ಟಿ ತೋಟ ಉಳಿಸಿಕೊಂಡರು. ಹಾಗೆಂದು ಅಮೆರಿಕಾದ ಹಣ್ಣನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಲಿಲ್ಲ. ಅದರ ವಾಸನೆ ಅವರಿಗೆ ಆಗದು. 1934ರಲ್ಲಿ ಕಾನೂನು ಮಾಡಿ, ನಿಷೇಧಿಸಿದ ತಳಿಗಳ ಸಾಲಿಗೆ ಇಸಬೆಲ್ಲಾವನ್ನೂ ಸೇರಿಸಿದರು. ಅಲ್ಲಿ ಬೇಡವಾದ ಆ ಘಮವೇ ನಮ್ಮ ಮಕ್ಕಳಿಗೆ ದ್ರಾಕ್ಷಿ ಎಂದರೆ ನೆನಪಾಗುವ ಘಮ. ಒಂದು ಊರಿನ ದೋಷ ಇನ್ನೊಂದು ಊರಿನ ಗುಣ!

ಬೋರ್ಡೋದಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ವರ್ಷಕ್ಕೆ ಒಂದೇ ಬೆಳೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಕೊಯ್ಲು. ನಮ್ಮ ಹವದಲ್ಲಿ ಬಳ್ಳಿಗೆ ನಿದ್ದೆಯಿಲ್ಲ. ರೈತ ಕತ್ತರಿ ಹಾಕಿದಾಗಲೇ ಅದಕ್ಕೆ ಹೊಸ ಚಿಗುರು. ನೀಲಿ ದ್ರಾಕ್ಷಿಯಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ.

ಬೋರ್ಡೋಗೂ ನಮ್ಮ ನಂದಿಬೆಟ್ಟಕ್ಕೂ ನೇರವಾದ ನಂಟೊಂದಿದೆ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ ಫ್ರಾನ್ಸಿನ ತಳಿಗಳನ್ನು ನೆಡಿಸಿ, 1988ರಲ್ಲಿ ಕಂಪೆನಿ ಕಟ್ಟಿದರು. 1990ರ ದಶಕದ ನಡುವಿನಿಂದ ಅವರಿಗೆ ಸಲಹೆ ಕೊಟ್ಟವರು ಮಿಶೆಲ್ ರೋಲಾಂ, ಬೋರ್ಡೋದ ಪೊಮೆರೋಲಿನಲ್ಲಿ ತೋಟವಿದ್ದ ಮನೆತನದವರು. ಅಲ್ಲಿ ಕ್ಯಾಬರ್ನೆಗೆ ಮೆರ್ಲೋ ಬೆರೆಸುವ ಹಾಗೆ ಇಲ್ಲಿ ಕ್ಯಾಬರ್ನೆಗೆ ಶಿರಾಜ್ ಎಂಬ ಇನ್ನೊಂದು ತಳಿ ಬೆರೆಸಿದರು. ನಕಲು ಹೊಡೆಯದೆ, ನಮ್ಮ ಬಿಸಿಲಿಗೆ ಒಗ್ಗುವುದನ್ನು ಹುಡುಕಿಕೊಂಡರು ಎನ್ನಿ. 2007ರಲ್ಲಿ ಕರ್ನಾಟಕ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು.

ಹಾಗಾದರೆ ಹೆಸರೊಂದಿದ್ದರೆ ಸಾಕೇ? ಸಾಲದು. 2020ರ ಲಾಕ್‌ಡೌನಿನಲ್ಲಿ ಚಿಕ್ಕಬಳ್ಳಾಪುರದ ಕಡೆ ಹಣ್ಣು ಬಳ್ಳಿಯಲ್ಲೇ ಉಳಿದು ಬೆಳೆಗಾರರು ಅತ್ತದ್ದನ್ನು ನಾವೆಲ್ಲ ಕೇಳಿದ್ದೇವೆ. ದೊಡ್ಡ ಹೆಸರಿನ ಬೋರ್ಡೋದಲ್ಲೂ ಕೊಳ್ಳುವವರು ಕಡಮೆಯಾಗಿ, 2023ರಲ್ಲಿ ಸುಮಾರು 9,500 ಹೆಕ್ಟೇರಿನಷ್ಟು ಬಳ್ಳಿ ಕೀಳುವುದಕ್ಕೆ ಪರಿಹಾರ ಕೊಡುವ ಯೋಜನೆ ಬಂತು. ಪಟ್ಟಿಯ ಮೇಲಿನ ತೋಟಗಳಿಗೆ ಚಿಂತೆಯಿಲ್ಲ, ಬರೀ ಬೋರ್ಡೋ ಎಂದು ಮಾರುವ ಸಣ್ಣ ರೈತನ ಪಾಡು ಅಲ್ಲಿಯೂ ಇಲ್ಲಿಯೂ ಒಂದೇ. ಆದರೂ ಹೆಸರು ಬೇಕು. ಯಾಕೆಂದರೆ ಹೆಸರಿಲ್ಲದಿದ್ದರೆ ಏನಾಗುತ್ತದೆಂದು ನಮ್ಮ ಊರನ್ನು ನೋಡಿದವರಿಗೆ ಗೊತ್ತು.

ನಮ್ಮ ಕೆ.ಜಿ.ಎಫ್. ಗಣಿಗಳಲ್ಲಿ 1880ರಿಂದ, ಮೊದಲು ಜಾನ್ ಟೇಲರ್ ಕಂಪೆನಿ, ಆಮೇಲೆ ಸರಕಾರ, ಒಟ್ಟು 800 ಟನ್ನಿನಷ್ಟು ಚಿನ್ನ ತೆಗೆದರು ಎಂದು ಲೆಕ್ಕ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ಚಿನ್ನ ಈಗ ಎಲ್ಲಿದೆ? ಯಾರ ಕೊರಳಲ್ಲೋ, ಯಾವ ದೇಶದ ಖಜಾನೆಯಲ್ಲೋ. ನಿಮ್ಮ ಮಾಂಗಲ್ಯದಲ್ಲೇ ಒಂದು ಗುಂಜಿ ನಮ್ಮ ಊರಿನದಿರಬಹುದು. ಹೇಳುವವರು ಯಾರು? ಕರಗಿಸಿದ ಮೇಲೆ ಚಿನ್ನಕ್ಕೆ ಊರಿಲ್ಲ. ನೆಲದ ಕೆಳಗೆ ಮೂರು ಕಿಲೋಮೀಟರ್ ಇಳಿದು ದುಡಿದವರ ಊರಿನ ಹೆಸರು ಅದರ ಮೇಲೆ ಉಳಿಯುವುದಿಲ್ಲ. ದ್ರಾಕ್ಷಿ ಹಾಗಲ್ಲ. ಎಲ್ಲಿಗೇ ಹೋಗಲಿ, ಬೆಳೆದ ಮಣ್ಣಿನ ಗುಣವನ್ನು ಹೊತ್ತುಕೊಂಡೇ ಹೋಗುತ್ತದೆ. ಅದಕ್ಕೇ ಬೋರ್ಡೋದವರು ಎಲ್ಲಕ್ಕಿಂತ ಹೆಚ್ಚಾಗಿ ಹೆಸರನ್ನು ಕಾಯುತ್ತಾರೆ. ನಾವೂ ಸಂತೆಯಲ್ಲಿ "ಕಪ್ಪು ದ್ರಾಕ್ಷಿ ಕೊಡಪ್ಪ" ಅನ್ನುವ ಬದಲು "ಬೆಂಗಳೂರು ನೀಲಿ ಇದೆಯಾ, ಯಾವ ಊರಿನದು?" ಎಂದು ಕೇಳೋಣ. ಕೇಳುವವರಿದ್ದರೆ ಹೆಸರು ಉಳಿಯುತ್ತದೆ.

ಹಾರ್ಟಿಗೆ ಒಳ್ಳೆಯದೇ?

ಅಳಿಯಂದಿರ ಈ ಮಾತಿಗೆ ಮುಲಾಜಿಲ್ಲದೆ ಉತ್ತರ ಹೇಳಬೇಕು. ವೈನ್ ಎಂದರೆ ಮದ್ಯವೇ. ಅದರಲ್ಲಿ ನೂರಕ್ಕೆ 12ರಿಂದ 14 ಭಾಗ ಮದ್ಯಸಾರ. 150 ಮಿ.ಲೀ.ನ ಒಂದು ಲೋಟ ವೈನಿನಲ್ಲಿರುವ ಮದ್ಯಸಾರವೂ 45 ಮಿ.ಲೀ. ವಿಸ್ಕಿಯಲ್ಲಿರುವುದೂ ಹೆಚ್ಚುಕಡಮೆ ಒಂದೇ. ಹಣ್ಣಿನ ರಸ ತಾನೇ ಎಂದು ಹೆಂಗಸರನ್ನು ಒಪ್ಪಿಸುವುದು ಸುಲಭ, ಅಷ್ಟೆ.

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತು ಒಂದು ಕಾಲದಲ್ಲಿ ಬಹಳ ಓಡಾಡಿತು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಮದ್ಯದಲ್ಲಿ ಇಷ್ಟರವರೆಗೆ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ಹೇಳಿದೆ. ಮದ್ಯಪಾನ ಕ್ಯಾನ್ಸರಿಗೆ ಕಾರಣವೆಂದು ಅದರ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಪಟ್ಟಿ ಮಾಡಿದೆ. ಸ್ತನದ ಕ್ಯಾನ್ಸರಿಗೂ ಮದ್ಯಕ್ಕೂ ಸಂಬಂಧವಿದೆ ಎಂಬುದನ್ನು ನಾವು ಹೆಂಗಸರು ನೆನಪಿನಲ್ಲಿಡಬೇಕು. ಬಸುರಿಯರು, ಹಾಲೂಡಿಸುವವರು, ಬಿ.ಪಿ., ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ದೂರವಿರುವುದೇ ಸರಿ. ದ್ರಾಕ್ಷಿಯಲ್ಲಿರುವ ಒಳ್ಳೆಯದು ಬೇಕೆಂದರೆ ದ್ರಾಕ್ಷಿ ತಿನ್ನಿ, ಸಿಪ್ಪೆ ಸಮೇತ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಸಂಬಳದ ಕವರು ಮನೆ ಮುಟ್ಟುವುದಕ್ಕೆ ಮುಂಚೆ ಎಲ್ಲಿ ಹಗುರಾಗುತ್ತಿತ್ತು ಎಂಬುದನ್ನು ಗಣಿ ಊರಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಟಲಿ ಮೇಲೆ ಅರಮನೆ ಚಿತ್ರವಿದ್ದರೂ ಒಳಗಿರುವುದರ ಗುಣ ಬದಲಾಗದು.

ಹಾಗೆಂದು ತಂದುಕೊಟ್ಟ ಅಳಿಯನ ಮನಸ್ಸು ನೋಯಿಸಬೇಕೇ? ಬೇಡ. "ಬಹಳ ಸಂತೋಷಪ್ಪ, ಯಾವ ದಡದ್ದು ಇದು, ಎಡದ್ದೋ ಬಲದ್ದೋ?" ಎಂದು ಕೇಳಿ. ಅವರೇ ತಬ್ಬಿಬ್ಬಾದಾರು! ತೆಗೆಯುವುದು, ಬಿಡುವುದು ನಿಮ್ಮ ಮನೆಯವರ ಇಷ್ಟ. ಕುಡಿಯಲೇಬೇಕೆಂಬ ದಾಕ್ಷಿಣ್ಯ ಮಾತ್ರ ಬೇಡ. ಇಡುವುದಾದರೆ ಒಲೆಯ ಹತ್ತಿರ ಬೇಡ, ಕತ್ತಲೆಯ ತಂಪು ಜಾಗದಲ್ಲಿ ಅಡ್ಡ ಮಲಗಿಸಿಡಿ, ಬಿರಡೆ ಒಣಗುವುದಿಲ್ಲ. ತೆರೆದ ಮೇಲೆ ಮೂರು ನಾಲ್ಕು ದಿನಕ್ಕೆ ರುಚಿ ಕೆಡುತ್ತದೆ. ಕೇಕಿಗೋ ಸಾರಿಗೋ ಹಾಕಿ ಕುದಿಸಿದರೆ ಮದ್ಯಸಾರವೆಲ್ಲ ಹಾರಿಹೋಗುತ್ತದೆ ಎಂಬುದೂ ತಪ್ಪು, ಸ್ವಲ್ಪ ಉಳಿಯುತ್ತದೆ. ಮುಟ್ಟದವರಿಗೆ ಬಡಿಸುವ ಮುಂಚೆ ಹೇಳಿಬಿಡಿ.

ನೀಲಿ ದ್ರಾಕ್ಷಿಯ ಪಾನಕ

ನಮ್ಮ ರಾಬರ್ಟ್‌ಸನ್‌ಪೇಟೆಯಲ್ಲಿ ಡಿಸೆಂಬರ್ ಬಂತೆಂದರೆ ಕ್ರೈಸ್ತ ನೆರೆಯವರ ಮನೆಗಳಲ್ಲಿ ಕಲ್‌ಕಲ್, ರೋಸ್ ಕುಕೀಸ್, ಪ್ಲಮ್ ಕೇಕಿನ ಸಡಗರ. ದ್ರಾಕ್ಷಿಯನ್ನು ಜಾಡಿಯಲ್ಲಿ ಹುದುಗಿಸಿಡುವ ಪದ್ಧತಿಯೂ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಹಿಂದಿನಿಂದ ಬಂದದ್ದು. ಆದರೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಅಪರಾಧ. ಆದ್ದರಿಂದ ನಾನು ಕೊಡುವುದು ಹುದುಗದ ಪಾನಕ. ಮಕ್ಕಳಿಂದ ಅಜ್ಜಿಯವರೆಗೆ ಎಲ್ಲರೂ ಕುಡಿಯಬಹುದು.

ಬೇಕಾಗುವ ಸಾಮಾನು: ನೀಲಿ ದ್ರಾಕ್ಷಿ 2 ಕಿಲೋ, ನೀರು 1 ಲೋಟ, ಸಕ್ಕರೆ (ಒಂದು ಲೀಟರ್ ರಸಕ್ಕೆ 1 ಕಿಲೋ), ನಿಂಬೆಹಣ್ಣು 2, ಚಿಟಿಕೆ ಉಪ್ಪು.

ಮಾಡುವ ವಿಧಾನ: ಹಣ್ಣನ್ನು ಗೊಂಚಲಿನಿಂದ ಬಿಡಿಸಿ. ತೋಟದಲ್ಲಿ ಹೊಡೆದ ಔಷಧಿ ಅಂಟಿರಬಹುದು, ಆದ್ದರಿಂದ ಉಪ್ಪು ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ನಲ್ಲಿ ನೀರಿನಲ್ಲಿ ಎರಡು ಮೂರು ಸಲ ತಿಕ್ಕಿ ತೊಳೆಯಿರಿ. ಹಣ್ಣಿನ ಮೇಲಿನ ತೆಳು ಬೂದಿಯಂಥ ಪೊರೆ ಹಣ್ಣಿನದೇ, ಅದಕ್ಕೆ ಹೆದರಬೇಡಿ. ಕೆಟ್ಟ ಹಣ್ಣು ಒಂದೂ ಬೇಡ. ನಾವು ಸೋತೆರ್ನಿನವರಲ್ಲ!

ಸ್ಟೀಲ್ ಪಾತ್ರೆಗೆ ಹಣ್ಣು, ನೀರು ಹಾಕಿ ಸಣ್ಣ ಉರಿಯಲ್ಲಿಡಿ. ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರ ಬೇಡ, ಅಲ್ಯುಮಿನಿಯಂ ಸಹ ಬೇಡ, ಹುಳಿಗೆ ಕಿಲುಬುತ್ತದೆ. ಹದಿನೈದು ನಿಮಿಷದಲ್ಲಿ ಸಿಪ್ಪೆ ಒಡೆದು ಬಣ್ಣ ಬಿಡುತ್ತದೆ. ಮರದ ಸೌಟಿನಿಂದ ಮೆತ್ತಗೆ ಹಿಸುಕಿ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ರಸ ಕಹಿ. ಆರಿದ ಮೇಲೆ ತೆಳುವಾದ ಪಂಚೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ತಾನಾಗಿ ಇಳಿಯಲಿ. ಹಿಂಡಿದರೆ ರಸ ಮಬ್ಬಾಗುತ್ತದೆ.

ಇಳಿದ ರಸವನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ತಳದಲ್ಲಿ ಸಣ್ಣ ಹರಳಿನಂತಹ ಗಷ್ಟು ಕೂರುತ್ತದೆ. ಅದು ದ್ರಾಕ್ಷಿಯದೇ ಹುಳಿಯ ಉಪ್ಪು. ದೊಡ್ಡ ಬೋರ್ಡೋ ಬಾಟಲಿಯ ತಳದಲ್ಲೂ ಇರುತ್ತದೆ. ಮೇಲಿನ ತಿಳಿ ಮಾತ್ರ ಬಗ್ಗಿಸಿ ಅಳತೆ ಮಾಡಿ, ಸಕ್ಕರೆ, ಉಪ್ಪು ಸೇರಿಸಿ, ಕರಗಿ ಒಂದು ಕುದಿ ಬಂದ ತಕ್ಷಣ ಇಳಿಸಿ. ನಿಂಬೆರಸ ಹಿಂಡಿ. ನೀರಿನಲ್ಲಿ ಕುದಿಸಿ ಚೆನ್ನಾಗಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಮೂರು ವಾರ ಇರುತ್ತದೆ. ಒಂದು ಪಾಲು ಪಾನಕಕ್ಕೆ ಮೂರು ಪಾಲು ತಣ್ಣೀರು. ಗುಳ್ಳೆ ಎದ್ದರೆ, ಮುಚ್ಚಳ ಉಬ್ಬಿದರೆ ಹುದುಗಿದೆ ಎಂದು ತಿಳಿದು ಚೆಲ್ಲಿಬಿಡಿ. ಮಿಕ್ಕ ಸಿಪ್ಪೆ, ತಿರುಳನ್ನು ಬೀಜ ತೆಗೆದು, ಬೆಲ್ಲ, ಒಣಮೆಣಸಿನಕಾಯಿ, ಸಾಸಿವೆ ಒಗ್ಗರಣೆ ಹಾಕಿ ಗೊಜ್ಜು ಮಾಡಿದರೆ ಚಪಾತಿಗೆ ಬಹಳ ಚೆನ್ನ.

ಬಾಟಲಿಗೆ ಒಂದು ಚೀಟಿ ಅಂಟಿಸುವುದನ್ನು ಮರೆಯಬೇಡಿ. ಬೋರ್ಡೋದವರ ಹಾಗೆ ಬರೆಯಿರಿ: ದ್ರಾಕ್ಷಿ ಯಾವ ಊರಿನದು, ಯಾವ ತಿಂಗಳು, ಯಾರ ಕೈಯಲ್ಲಿ ಮಾಡಿದ್ದು. ಚಿಂತಾಮಣಿಯ ತಾಯಿಗೆ ನನ್ನ ಸಲಹೆ ಇದು: ಅಳಿಯಂದಿರು ಮುಂದಿನ ಸಲ ಹೊರಡುವಾಗ ನಿಮ್ಮ ತೋಟದ ಪಾನಕ ಒಂದು ಬಾಟಲಿ ಅವರ ಕೈಗಿಡಿ, ಊರಿನ ಹೆಸರು ದಪ್ಪಕ್ಷರದಲ್ಲಿ ಬರೆದು.

ನಿಮ್ಮ ಊರಿನ ಹಣ್ಣು, ತರಕಾರಿಗೆ ಯಾವ ವಿಶೇಷವಿದೆ, ಅದರಿಂದ ಏನು ಮಾಡುತ್ತೀರಿ ಎಂದು ಬರೆದು ತಿಳಿಸಿ. ಮುಂದಿನ ಪಕ್ಷ ಮತ್ತೆ ಭೇಟಿಯಾಗೋಣ.